‘ಕಂಟ್ರೋಲ್ ಗ್ರೂಪ್’ಗೆ ಏನನ್ನೋಣ? ಸಂಜೆ ಐದರೊಳಗೆ ಬೇಕು

ಹುಬ್ಬಳ್ಳಿಯಿಂದ:
ನಮಸ್ಕಾರ. ಸ್ವಸಹಾಯ ಸಂಘದ ಹೆಣ್ಣುಮಕ್ಕಳಿಗೆ ಓದಿ ಹೇಳಲು ಒಂದು ಕರಪತ್ರ ಕನ್ನಡಕ್ಕೆ ತರುತ್ತಿದ್ದೇನೆ. ಬಡವರ ಯೋಜನೆಯಿಂದ ನಿಜಕ್ಕೂ ಉಪಯೋಗ ಆಯಿತೋ ಇಲ್ಲವೋ ಎಂದು ಹೇಗೆ ಪರೀಕ್ಷಿಸುತ್ತಾರೆ ಅನ್ನೋದು ವಿಷಯ. ‘ಪುರಾವೆ ನೋಡಿ ಯೋಜನೆ ಮಾಡೋಣ’ ಎಂದು ಹೆಸರಿಟ್ಟಿದ್ದೇನೆ. ಉದಾಹರಣೆ ರಾಜಸ್ಥಾನದ ಉದಯಪುರ ಜಿಲ್ಲೆಯದು. ಒಟ್ಟು 134 ಊರು. 30 ಊರಲ್ಲಿ ತಿಂಗಳಿಗೊಮ್ಮೆ ತಪ್ಪದೆ ಲಸಿಕೆ ಶಿಬಿರ. ಇನ್ನು 30ರಲ್ಲಿ ಶಿಬಿರವೂ ಉಂಟು, ಒಂದೊಂದು ಚುಚ್ಚುಮದ್ದಿಗೆ ಒಂದು ಕಿಲೋ ಬೇಳೆಯೂ ಉಂಟು. ಉಳಿದ 74 ಊರು ಮೊದಲಿದ್ದ ಹಾಗೇ. ಯಾವ ಊರಿಗೆ ಯಾವುದು ಅನ್ನೋದು ‘ರ್‍ಯಾಂಡಮ್’. ಎಲ್ಲ ಲಸಿಕೆ ಮುಗಿಸಿದ ಮಕ್ಕಳು ಬೇಳೆ ಕೊಟ್ಟಲ್ಲಿ ನೂರಕ್ಕೆ 39, ಬರೀ ಶಿಬಿರ ಇದ್ದಲ್ಲಿ 18, ಉಳಿದ ಕಡೆ 6.

ಹೋಲಿಸಿ ನೋಡಲು ಹಾಗೇ ಬಿಟ್ಟ ಆ 74 ಊರಿಗೆ ಇಂಗ್ಲಿಷಿನಲ್ಲಿ ‘ಕಂಟ್ರೋಲ್ ಗ್ರೂಪ್’ ಅಂತಾರೆ. ಕನ್ನಡದಲ್ಲಿ ಏನನ್ನೋಣ? ಮೊನ್ನೆ ‘ನಿಯಂತ್ರಣ ಗುಂಪು’ ಎಂದು ಓದಿದೆ. ಒಬ್ಬ ಅಜ್ಜಿ, ‘ಈ ವಯಸ್ಸಿನಾಗ ನನಗ್ಯಾಕವ್ವಾ ಆಪರೇಶನ್ನು?’ ಅಂತ ಎದ್ದು ಹೊರಟರು. ‘ಕಂಟ್ರೋಲ್’ ಎಂದೇ ಇಡೋಣ ಅಂದರೆ ನಮ್ಮಲ್ಲಿ ಅದು ರೇಷನ್ ಅಂಗಡಿ.

ಧಾರವಾಡದಿಂದ:
ಪಠ್ಯಪುಸ್ತಕದಲ್ಲಿರುವುದು ‘ನಿಯಂತ್ರಿತ ಗುಂಪು’, ‘ರ್‍ಯಾಂಡಮ್’ಗೆ ‘ಯಾದೃಚ್ಛಿಕ’. ಅವೇ ಹಾಕಿ. ಒಬ್ಬ ಅಜ್ಜಿಗಾಗಿ ಪರಿಭಾಷೆ ಬದಲಿಸಲಾಗದು.

ಗದಗದಿಂದ:
‘ನಿಯಂತ್ರಿತ’ ಕೃದಂತ ಅಲ್ವಾ ಸರ್? ಆ ಊರುಗಳನ್ನು ಯಾರು ನಿಯಂತ್ರಿಸಿದರು? ಸುಮ್ನೆ ಬಿಟ್ಟರು, ಅಷ್ಟೇ. ನಮ್ಮಪ್ಪ ಹತ್ತಿಗೆ ಹೊಸ ಎಣ್ಣೆ ಹೊಡೆಯುವಾಗ ನಾಲ್ಕು ಸಾಲು ಹಾಗೇ ಬಿಡುತ್ತಿದ್ದರು. ‘ತಾಳೆ ನೋಡಾಕ ಇರಲಿ’ ಅನ್ನೋರು. ಅಕ್ಕಾರ, ‘ತಾಳೆ ಊರು’ ಅನ್ನಿ. ಈ ಪದ್ಧತಿ ಬೆಳೆದದ್ದೂ ಹೊಲದಲ್ಲೇ. 1920ರ ದಶಕದಲ್ಲಿ ಇಂಗ್ಲೆಂಡಿನ ಕೃಷಿ ಸಂಶೋಧನಾ ಕೇಂದ್ರವಾದ ರಾಥಮ್‌ಸ್ಟೆಡ್‌ನಲ್ಲಿ ಸಂಖ್ಯಾಶಾಸ್ತ್ರಜ್ಞ ಫಿಶರ್ ಗೊಬ್ಬರ, ಇಳುವರಿಯ ಲೆಕ್ಕ ಹಾಕುತ್ತ ಇದನ್ನು ಕಟ್ಟಿದರು.

ಹಾವೇರಿಯಿಂದ:
ತಾಳೆಗೆ ನನ್ನ ಓಟು. ಆದರೆ ಬಿಡುವ ಸಾಲನ್ನು ಅಪ್ಪ ತಾವೇ ಆರಿಸಿದರೆ ಲೆಕ್ಕ ಕೆಟ್ಟಿತು. ಬದುವಿನ ಬೇವಿನ ನೆರಳಿಗೆ ಹೇಗೂ ಸೊರಗುವ ಸಾಲನ್ನೇ ಬಿಟ್ಟಿರುತ್ತಾರೆ. ಆಮೇಲೆ ಎಣ್ಣೆ ಭಾರೀ ಚಲೋ ಅನ್ನೋದು! ಹಾಗಾಗಿ ‘ರ್‍ಯಾಂಡಮ್’ ಅನ್ನೋದನ್ನು ಬಿಡಿಸಿ ಹೇಳಲೇಬೇಕು. ‘ಚೀಟಿ ಎತ್ತಿ ಆರಿಸಿದ’ ಅಂದರೆ ಸಂಘದವರಿಗೆ ಥಟ್ಟನೆ ತಿಳಿಯುತ್ತದೆ.

ಧಾರವಾಡದಿಂದ:
‘ತಾಳೆ’ ಮರಾಠಿಯ ತಾಳಾ. ಆಸ್ತಿ-ಸಾಲದ ಪಟ್ಟಿಗೆ ಅವರು ಹೇಳುವ ತಾಳೇಬಂದ್ ನೆನಪಿಸಿಕೊಳ್ಳಿ. ಚೀಟಿಯೂ ಹೊರಗಿನದೇ. ‘ಪುರಾವೆ’ಯಂತೂ ಅಚ್ಚ ಮರಾಠಿ. ‘ಸಾಕ್ಷ್ಯ’ ಇರುವಾಗ ಅದೇಕೆ?

ಗದಗದಿಂದ:
ಸಾಕ್ಷ್ಯ ಯಾವ ಊರಿನದು ಸರ್? ಸಂಸ್ಕೃತದಿಂದ ತಂದರೆ ಆಸ್ತಿ, ಮರಾಠಿಯಿಂದ ತಂದರೆ ಸಾಲವಾ? 1956ರವರೆಗೆ ನಾವು ಮುಂಬೈಗೆ ಸೇರಿದ್ದವರು, ಮಾತು ಬಂದೇ ಬರುತ್ತದೆ. ಅರ್ಜಿ, ಜಮೀನು, ಜಿಲ್ಲೆ, ಸರಕಾರ ಬಿಟ್ಟು ತಹಶೀಲ್ದಾರರಿಗೆ ನಾಲ್ಕು ಸಾಲು ಬರೆದು ತೋರಿಸಿ. ತಾಳೆ ಯಾರು ಯಾರಿಂದ ತಗೊಂಡರು ಅನ್ನೋದನ್ನು ಬೇರೆ ದಿನ ನೋಡೋಣ.

ಧಾರವಾಡದಿಂದ:
ಉತ್ತರಿಸುವ ಯೋಗ್ಯತೆಯ ಮಾತಲ್ಲ.

ಹುಬ್ಬಳ್ಳಿಯಿಂದ:
ಜಗಳ ನಿಲ್ಲಿಸಿ, ಪ್ರೆಸ್ಸಿನವರು ಮೂರು ಸಲ ಫೋನ್ ಮಾಡಿದರು. ‘ಚೀಟಿ ಎತ್ತಿ ಆರಿಸಿದ ಊರು’, ‘ತಾಳೆ ಊರು’ ಎಂದು ಕಳಿಸಿದೆ. ‘ಪುರಾವೆ’ ಹಾಗೇ ಇದೆ. ಈಗ ಪ್ರೂಫ್ ಬಂತು. ಹನ್ನೊಂದು ಕಡೆ ‘ತಾಳಿ ಊರು’ ಎಂದು ಕೂರಿಸಿದ್ದಾರೆ.