ಬೋರ್‌ವೆಲ್ ನೀರಲ್ಲಿ ಸಿಲ್ವರ್ ಮೋನೋ ಮೀನು ಕಪ್ಪಾಗ್ತಿವೆ, ಊಟ ಬಿಟ್ಟಿವೆ – ಸಹಾಯ ಬೇಕು

ಮಂಡ್ಯದ_ಮೀನು: ಎಲ್ಲರಿಗೂ ನಮಸ್ಕಾರ. 200 ಲೀಟರ್ ಟ್ಯಾಂಕ್, ಸ್ಪಂಜ್ ಫಿಲ್ಟರ್, ಮೂರು ಸಿಲ್ವರ್ ಮೋನೋ, ಎರಡಿಂಚಿನ ಮರಿಗಳು. ತಂದಾಗ ಮೈಯೆಲ್ಲ ಬೆಳ್ಳಿ, ರೆಕ್ಕೆ ಹಳದಿ. ಈಗ ಕಪ್ಪಿಟ್ಟು, ರೆಕ್ಕೆ ಮುದುರಿಕೊಂಡು ಮೂಲೇಲಿ ನಿಂತಿರ್ತವೆ. ಒಂದಂತೂ ಇನ್ನೊಂದನ್ನ ಅಟ್ಟಾಡಿಸುತ್ತೆ. ಮೈಮೇಲೆ ಚುಕ್ಕೆ, ಗಾಯ ಏನಿಲ್ಲ. ನೀರಲ್ಲಿ ಮೀನಿನ ಕೊಳೆಯಿಂದ ಆಗೋ ವಿಷಗಳು, ಅಮೋನಿಯ 0, ನೈಟ್ರೈಟ್ 0; ಪಿಎಚ್ 8, ಉಷ್ಣತೆ 26. ಸಿಹಿನೀರಿನ ಮೀನು ಅಂತ ಹೇಳಿ ಕೊಟ್ಟಿದ್ದರು. ಮೆಥಿಲೀನ್ ಬ್ಲೂ ಔಷಧಿ ತಂದಿಟ್ಟಿದ್ದೀನಿ, ಹಾಕಲಾ?

ಕುಕ್ಕರಹಳ್ಳಿ_ಕೆರೆದಂಡೆ: ದಯವಿಟ್ಟು ಹಾಕಬೇಡಿ ಸರ್. ಅದು ಫಿಲ್ಟರಿನಲ್ಲಿ ಅಮೋನಿಯ, ನೈಟ್ರೈಟ್ ತೆಗೆಯೋ ಒಳ್ಳೆ ಬ್ಯಾಕ್ಟೀರಿಯಾವನ್ನೂ ಕೊಲ್ಲುತ್ತೆ. ನೀವು ಹೇಳಿದ ಲಕ್ಷಣ ನೋಡಿದರೆ ಇದು ರೋಗ ಅಲ್ಲ, ಉಪ್ಪಿನ ಕೊರತೆ.

ಸಿಲ್ವರ್ ಮೋನೋ (ಮೋನೊಡ್ಯಾಕ್ಟಿಲಸ್ ಅರ್ಜೆಂಟಿಯಸ್) ಕರಾವಳಿ ಮೀನು. ಹಿಂದೂ ಮಹಾಸಾಗರದಿಂದ ಪೆಸಿಫಿಕ್ ಪಶ್ಚಿಮದವರೆಗೆ ಅಳಿವೆ, ಕಾಂಡ್ಲಾ (ಮ್ಯಾಂಗ್ರೋವ್) ಕಾಡು, ಬಂದರಿನ ಸುತ್ತ ಗುಂಪಾಗಿ ಓಡಾಡುತ್ತೆ. ಮರಿಗಳು ನದಿಯ ಕಡೆಗೂ ಏರಿ ಬರ್ತವೆ. ಅದಕ್ಕೇ ಅಂಗಡಿಯ ಸಿಹಿನೀರಲ್ಲಿ ಸ್ವಲ್ಪ ಕಾಲ ಚೆನ್ನಾಗೇ ಕಾಣ್ತವೆ. ಬೆಳೀತಾ ಹೋದ ಹಾಗೆ ಅದಕ್ಕೆ ಉಪ್ಪು ಬೇಕು. ಸಿಹಿನೀರಲ್ಲಿ ಮೀನಿನ ಮೈಯೊಳಗೆ ನೀರು ನುಗ್ಗುತ್ತಲೇ ಇರುತ್ತೆ, ಕಿವಿರಿನಿಂದ ಲವಣ ಸೋರುತ್ತಲೇ ಇರುತ್ತೆ. ನೀರನ್ನ ಹೊರಗೆ ಹಾಕೋಕೆ, ಲವಣ ವಾಪಸ್ ಎಳೆದುಕೊಳ್ಳೋಕೆ ಹಗಲೂ ರಾತ್ರಿ ಶಕ್ತಿ ಖರ್ಚು ಮಾಡಬೇಕು. ಆ ಸುಸ್ತನ್ನೇ ನೀವು ಕಪ್ಪು ಬಣ್ಣವಾಗಿ ನೋಡ್ತಿರೋದು.

ಮಂಡ್ಯದ_ಮೀನು: ಆದ್ರೆ ನಮ್ಮ ಬೋರ್ ನೀರೇ ಉಪ್ಪುಪ್ಪು ಅಲ್ವಾ ಸರ್? ಕುಡಿಯೋಕಾಗಲ್ಲ, ಪಾತ್ರೆಗೆಲ್ಲ ಬಿಳಿ ಕಟ್ಟುತ್ತೆ. ಟಿಡಿಎಸ್ (ನೀರಲ್ಲಿ ಕರಗಿರೋ ಲವಣಗಳ ಅಳತೆ) 1100 ಇದೆ. ಇದು ಸಾಲಲ್ವಾ?

ಕುಕ್ಕರಹಳ್ಳಿ_ಕೆರೆದಂಡೆ: ಒಳ್ಳೆ ಪ್ರಶ್ನೆ, ನಮ್ಮ ಕಡೆ ಬಹಳ ಜನ ಇಲ್ಲೇ ಎಡವೋದು. 1100 ಅಂದ್ರೆ ಲೀಟರಿಗೆ ಸುಮಾರು 1.1 ಗ್ರಾಂ. ಸಮುದ್ರದ ನೀರಲ್ಲಿ ಲೀಟರಿಗೆ ಸುಮಾರು 35 ಗ್ರಾಂ. ನಾಲಿಗೆಗೆ ಉಪ್ಪು ಅನ್ನಿಸಿದರೂ ಮೋನೋಗೆ ಅದು ಚಪ್ಪೆ ನೀರೇ. ಗಡಸು ನೀರು ಇರೋದು ಅನುಕೂಲವೇ, ಪಿಎಚ್ ಕುಸಿಯಲ್ಲ. ಆದರೆ ಈ ಗಾತ್ರದ ಮರಿಗೆ ಸಾಪೇಕ್ಷ ಸಾಂದ್ರತೆ (ಶುದ್ಧ ನೀರು 1.000 ಅಂದರೆ) 1.005 ಆದರೂ ಬೇಕು, ಅಂದರೆ ಲೀಟರಿಗೆ ಸುಮಾರು 7 ಗ್ರಾಂ.

ಒಂದೇ ಸಲ ಸುರೀಬೇಡಿ. ಮೀನು ತಡೆದುಕೊಂಡರೂ ಫಿಲ್ಟರಿನ ಬ್ಯಾಕ್ಟೀರಿಯಾ ತಡೆಯಲ್ಲ. ವಾರಕ್ಕೆ ಲೀಟರಿಗೆ 2 ಗ್ರಾಂ ಏರಿಸಿ; ನಿಮ್ಮ ಟ್ಯಾಂಕಿಗೆ ವಾರಕ್ಕೆ 400 ಗ್ರಾಂ. ನೀರು ಬದಲಾಯಿಸುವಾಗ ಉಪ್ಪನ್ನ ಬೇರೆ ಬಕೆಟ್ಟಲ್ಲಿ ಪೂರ್ತಿ ಕರಗಿಸಿಯೇ ಹಾಕಿ. ಸಾಂದ್ರತೆ ಅಳೆಯೋ ಹೈಡ್ರೋಮೀಟರ್ ತಗೊಳ್ಳಿ, ಅಂದಾಜಿನ ಮೇಲೆ ಹೋಗಬೇಡಿ. ಅಷ್ಟು ದಿನವೂ ಅಮೋನಿಯ, ನೈಟ್ರೈಟ್ ನೋಡ್ತಾ ಇರಿ. ನಿಮ್ಮ ಪಿಎಚ್‌ನಲ್ಲಿ ಸ್ವಲ್ಪ ಅಮೋನಿಯವೂ ಹೆಚ್ಚು ವಿಷ.

ಮಂಡ್ಯದ_ಮೀನು: ಅಡುಗೆ ಉಪ್ಪು ಆಗಲ್ವಾ? ಅಯೋಡಿನ್ ಇದ್ರೆ ಮೀನು ಸಾಯುತ್ತೆ ಅಂತಾರೆ.

ಉಳ್ಳಾಲದವಳು_ಈಗ_ಮೈಸೂರು: ಅಯೋಡಿನ್ ಸಮಸ್ಯೆಯೇ ಅಲ್ಲ ಅಣ್ಣ, ಅಷ್ಟು ಕಮ್ಮಿ ಇರುತ್ತೆ. ಅಡುಗೆ ಉಪ್ಪಲ್ಲಿ ಹೆಚ್ಚುಕಮ್ಮಿ ಸೋಡಿಯಂ ಕ್ಲೋರೈಡ್ ಬಿಟ್ಟು ಬೇರೇನಿಲ್ಲ. ಸಮುದ್ರದಲ್ಲಿರೋ ಮೆಗ್ನೀಷಿಯಂ, ಕ್ಯಾಲ್ಸಿಯಂ, ಬೈಕಾರ್ಬೊನೇಟ್ ಎಲ್ಲ ಬೇಕಂದ್ರೆ ಮೆರೈನ್ ಸಾಲ್ಟ್ ಮಿಕ್ಸ್ ತಗೊಳ್ಳಿ. ದುಬಾರಿ ನಿಜ, ಆದರೆ ಇಲ್ಲಿ ಉಳಿತಾಯ ಮಾಡಬೇಡಿ. ಬೇಸಿಗೇಲಿ ನೀರು ಆವಿಯಾಗಿ ಇಳಿದಾಗ ಸಾದಾ ನೀರನ್ನೇ ತುಂಬಿಸಿ. ಉಪ್ಪು ಆವಿಯಾಗಲ್ಲ, ಟ್ಯಾಂಕಲ್ಲೇ ಉಳಿಯುತ್ತೆ.

ಇನ್ನೊಂದು ಮಾತು. ಮೂರೇ ಇಟ್ಟರೆ ದೊಡ್ಡದು ಸಣ್ಣದನ್ನ ಬಿಡಲ್ಲ. ಊರಲ್ಲಿ ನೇತ್ರಾವತಿ ಅಳಿವೆ ನೋಡ್ತಾ ಬೆಳೆದವಳು ನಾನು. ಗುಂಪು ಮೀನಿಗೆ ಗುಂಪೇ ಧೈರ್ಯ. ಒಟ್ಟಿಗೆ ತಿರುಗಿದಾಗ ಮೈ ಬೆಳಕೆಲ್ಲ ಚದುರಿಸಿ, ಬೇಟೆಗಾರ ಮೀನಿಗೆ ಯಾವುದೋ ಒಂದರ ಮೇಲೆ ಕಣ್ಣಿಡೋಕೇ ಆಗಲ್ಲ. ಆರು ಇದ್ದರೆ ಜಗಳವೂ ಹಂಚಿ ಹೋಗುತ್ತೆ. ಆದರೆ ಇದು 25 ಸೆಂಟಿಮೀಟರಿನಷ್ಟೂ ಬೆಳೆಯಬಲ್ಲ ಮೀನು. ದೊಡ್ಡವಾದರೆ 200 ಲೀಟರ್ ಖಂಡಿತ ಸಾಲಲ್ಲ, ಉಪ್ಪೂ ಸಮುದ್ರದ ಮಟ್ಟಕ್ಕೇ ಏರಬೇಕಾಗುತ್ತೆ. ಅದಕ್ಕೆ ಜಾಗ ಇದೆಯಾ ಅಂತ ಈಗಲೇ ಯೋಚಿಸಿ.

ಮಂಡ್ಯದ_ಮೀನು: ಮೊದಲ ಎರಡು ಸಲದ ಉಪ್ಪು ಹಾಕಾಯ್ತು. ಎರಡು ಮೀನು ಬೆಳ್ಳಗಾಗಿ ಊಟಕ್ಕೆ ಬರ್ತಿವೆ, ಸಣ್ಣದು ಇನ್ನೂ ಮಂಕು. ನೈಟ್ರೈಟ್ 0.25 ತೋರಿಸ್ತಿದೆ. ಹೊಸ ಮೂರನ್ನ ಈಗಲೇ ತರಲಾ?

ಕುಕ್ಕರಹಳ್ಳಿ_ಕೆರೆದಂಡೆ: ಬೇಡ. ನೈಟ್ರೈಟ್ 0ಕ್ಕೆ ಇಳಿಯೋವರೆಗೂ ಉಪ್ಪನ್ನ ಈಗಿರೋ ಮಟ್ಟದಲ್ಲೇ ನಿಲ್ಲಿಸಿ, ಊಟ ಅರ್ಧ ಮಾಡಿ. ಇರೋ ಉಪ್ಪಿನ ಕ್ಲೋರೈಡು ನೈಟ್ರೈಟ್ ಕಿವಿರಿನೊಳಗೆ ಹೋಗೋದನ್ನ ತಡೀತಿದೆ, ಹೆದರಬೇಡಿ. ಸಣ್ಣದನ್ನ ಜಾಲರಿ ಹಾಕಿ ಬೇರೆ ಮಾಡಿ. 1.005 ಮುಟ್ಟಿದ ಮೇಲೆ ಹೊಸ ಮೂರನ್ನ ಬೇರೆ ಟ್ಯಾಂಕಲ್ಲಿ ಅದೇ ಉಪ್ಪಿಗೆ ಒಗ್ಗಿಸಿ, ಒಟ್ಟಿಗೇ ಬಿಡಿ.