ಹಂಪಿಯ ಹೊಳೆದಂಡೆ ನಡಿಗೆಗೆ ಪುಟ್ಟ ಕ್ಯಾಮೆರಾ ಸಾಕಾ?

ಪ್ರಶ್ನೆ: ಡಿಸೆಂಬರ್‌ನಲ್ಲಿ ಅಮ್ಮನ ಜೊತೆ ಹಂಪಿಗೆ ಹೊರಟಿದ್ದೇನೆ. ವಿರೂಪಾಕ್ಷ ಗುಡಿಯಿಂದ ವಿಠ್ಠಲ ಗುಡಿವರೆಗೆ ಹೊಳೆ ಪಕ್ಕ ನಡೆಯುವ ಆಸೆ. ಇರುವುದು ಜೇಬಿನಲ್ಲಿ ಹಿಡಿಸುವ ಹಳೇ ಕಾಂಪ್ಯಾಕ್ಟ್ ಕ್ಯಾಮೆರಾ. ನೀರಿನ ಹತ್ತಿರ ತೆಗೆದರೆ ಮುಖ ಕಪ್ಪು, ಇಲ್ಲಾಂದ್ರೆ ಆಕಾಶ ಪೂರ್ತಿ ಬಿಳಿ. ಏನು ಮಾಡಲಿ?

ಹೊಸಪೇಟೆ ಕಡೆಯವರೊಬ್ಬರು:
ಧಾರಾಳವಾಗಿ ಸಾಕು. ಕ್ಯಾಮೆರಾಗಿಂತ ಮೊದಲು ದಿಕ್ಕು ನೋಡಿಕೊಳ್ಳಿ. ಆ ದಾರಿ ಹೆಚ್ಚುಕಮ್ಮಿ ಈಶಾನ್ಯಕ್ಕೆ ಹೋಗುತ್ತದೆ, ಅಂದರೆ ಬೆಳಿಗ್ಗೆ ವಿರೂಪಾಕ್ಷದಿಂದ ಹೊರಟರೆ ಸೂರ್ಯ ನಿಮ್ಮ ಮುಖಕ್ಕೇ ಹೊಡೆಯುತ್ತಾನೆ, ಫೋಟೋದಲ್ಲಿ ಎಲ್ಲವೂ ಕಪ್ಪು ಆಕಾರಗಳೇ. ನಾನು ಬಂದವರಿಗೆಲ್ಲ ಹೇಳುವುದು ಉಲ್ಟಾ ನಡೆಯಿರಿ ಅಂತ. ಆಟೋದಲ್ಲಿ ಗೆಜ್ಜಲ ಮಂಟಪದ ಕಡೆ ಹೋಗಿ, ಮೊದಲು ವಿಠ್ಠಲ ಗುಡಿ ನೋಡಿ, ಆಮೇಲೆ ಹೊಳೆ ಹಿಡಿದು ವಾಪಸ್ ಬನ್ನಿ. ಬಿಸಿಲು ಬೆನ್ನಿಗೆ ಬೀಳುತ್ತದೆ. ನೀರಿನಲ್ಲಿ ಸಾಲಾಗಿ ನಿಂತಿರುವ ಹಳೇ ಸೇತುವೆಯ ಕಲ್ಲುಕಂಬ, ಪುರಂದರ ಮಂಟಪ, ಕೋದಂಡರಾಮ ಗುಡಿ ಎಲ್ಲಾ ಆ ಬೆಳಕಿನಲ್ಲಿ ಚೆನ್ನಾಗಿ ಬರುತ್ತವೆ. ಮಳೆಗಾಲದಲ್ಲಿ ತುಂಗಭದ್ರಾ ಡ್ಯಾಮಿನಿಂದ ನೀರು ಜಾಸ್ತಿ ಬಿಟ್ಟರೆ ಪುರಂದರ ಮಂಟಪವೇ ಮುಳುಗುತ್ತದೆ. ಡಿಸೆಂಬರ್‌ನಲ್ಲಿ ಆ ಚಿಂತೆ ಕಮ್ಮಿ.

ಮುಖ ಕಪ್ಪಾಗುವುದು ಕ್ಯಾಮೆರಾ ಕೆಟ್ಟಿದೆ ಅಂತಲ್ಲ. ಹೊಳೆಯುವ ನೀರು ನೋಡಿ ಅದು ಬೆಳಕು ಜಾಸ್ತಿ ಇದೆ ಅಂತ ಲೆಕ್ಕ ಹಾಕಿ ಚಿತ್ರವನ್ನೆಲ್ಲ ಮಂಕು ಮಾಡುತ್ತದೆ. ಅಮ್ಮ ಹತ್ತಿರದಲ್ಲೇ, ಎರಡು ಮೂರು ಮೀಟರ್ ಒಳಗೆ ನಿಂತಿದ್ದರೆ ಹಗಲಲ್ಲೂ ಫ್ಲ್ಯಾಶ್ ಹಾಕಿ, ಸುಮ್ನೆ ನಗಬೇಡಿ, ಪುಟ್ಟ ಫ್ಲ್ಯಾಶ್ ಕೆಲಸಕ್ಕೆ ಬರುವುದೇ ಅಲ್ಲಿ. ದೂರ ಇದ್ದರೆ ಅಷ್ಟೇ ದೂರದ, ಅಷ್ಟೇ ಬಿಸಿಲು ಬಿದ್ದಿರುವ ಒಂದು ಬಂಡೆಗೆ ಕ್ಯಾಮೆರಾ ಹಿಡಿದು ಬಟನ್ ಅರ್ಧ ಒತ್ತಿ. ಫೋಕಸ್ಸೂ ಬೆಳಕಿನ ಲೆಕ್ಕವೂ ಅಲ್ಲಿಗೇ ನಿಲ್ಲುತ್ತವೆ. ಬೆರಳು ಬಿಡದೆ ಅಮ್ಮನ ಕಡೆ ತಿರುಗಿಸಿ ಪೂರ್ತಿ ಒತ್ತಿ. ಹಳೇ ಕ್ಯಾಮೆರಾಗಳು ಬಟನ್ ಒತ್ತಿದ ಮೇಲೆ ಸ್ವಲ್ಪ ತಡೆದು ಕ್ಲಿಕ್ ಆಗುತ್ತವಲ್ವಾ, ಹರಿಗೋಲು ಹೋಗುವಾಗಲೂ ಅರ್ಧ ಒತ್ತಿ ಕಾಯುವುದೇ ಉಪಾಯ.

ಡಿಜಿಟಲ್ ಜೂಮ್ ಆಫ್ ಮಾಡಿಬಿಡಿ. ಅದು ಚಿತ್ರ ಕತ್ತರಿಸಿ ಹಿಗ್ಗಿಸುತ್ತದೆ ಅಷ್ಟೇ.

ಬೆಂಗಳೂರಿನಿಂದ ಇನ್ನೊಬ್ಬರು:
ಅಣ್ಣ ಹೇಳಿದ್ದು ಸರಿ, ಆದರೆ ಅಮ್ಮ ಜೊತೆಗಿದ್ದರೆ ನನ್ನ ಓಟು ಸಂಜೆಗೆ. ನಡುವೆ ಬಂಡೆ ಹತ್ತಿ ಇಳಿಯುವ ಜಾಗ ಇದೆ. ಬೆಳಿಗ್ಗೆ ಗುಡಿ ನೋಡಿ ಹೊರಡುವಷ್ಟರಲ್ಲಿ ಬಿಸಿಲೇರಿ ಕಲ್ಲು ಕಾಯುತ್ತದೆ, ಆ ಹೊತ್ತಿನ ಬೆಳಕಿನಲ್ಲಿ ಬಂಡೆಗಳೆಲ್ಲ ಚಪ್ಪಟೆಯಾಗಿ ಕಾಣುತ್ತವೆ. ಸಂಜೆ ನಾಲ್ಕರ ಮೇಲೆ ವಿರೂಪಾಕ್ಷದಿಂದ ಹೊರಟರೆ ಆಗಲೂ ಬಿಸಿಲು ಬೆನ್ನಿಗೇ, ಬಂಡೆ ಕೆಂಪಗೆ. ಕತ್ತಲಾಗುವ ಮುಂಚೆ ಗುಡಿ ತಲುಪಿಕೊಳ್ಳಿ, ಗೇಟ್ ಮುಚ್ಚುವ ಹೊತ್ತು ಮೊದಲೇ ಕೇಳಿರಿ.

ಮತ್ತೊಂದು. ಪೋಲರೈಸ್ಡ್ ಕೂಲಿಂಗ್ ಗ್ಲಾಸ್ ಇದ್ದರೆ ಅದರ ಒಂದು ಗಾಜನ್ನು ಲೆನ್ಸ್ ಮುಂದೆ ಹಿಡಿದು ನಿಧಾನ ತಿರುಗಿಸಿ. ಒಂದು ಕೋನದಲ್ಲಿ ನೀರಿನ ಹೊಳಪು ಇಳಿದು ತಳದ ಕಲ್ಲು ಕಾಣುತ್ತದೆ. ಫಿಲ್ಟರ್ ಹಾಕಲು ಜಾಗವೇ ಇಲ್ಲದ ಕ್ಯಾಮೆರಾಗೆ ಇದೇ ಫಿಲ್ಟರ್. ಮರಳು ಇರುವ ಕಡೆ ಮಾತ್ರ ಕ್ಯಾಮೆರಾ ಕೆಳಗಿಡಬೇಡಿ, ಹೊರಬರುವ ಲೆನ್ಸಿನ ಸಂದಿಗೆ ಒಂದು ಕಣ ಹೋದರೂ ಅದು ಅಲ್ಲೇ ಸಿಕ್ಕಿಕೊಳ್ಳುತ್ತದೆ.

ಶಿವಮೊಗ್ಗದ ಮೇಡಂ ಒಬ್ಬರು:
ವಿರೂಪಾಕ್ಷ ಗುಡಿಯೊಳಗೆ ಗೋಪುರದ ತಲೆಕೆಳಗಾದ ನೆರಳು ಬೀಳುವ ಕೋಣೆ ಬಿಡಬೇಡಿ. ಗೋಡೆಯ ಸಣ್ಣ ಕಿಂಡಿಯಿಂದ ಬೆಳಕು ಬಂದು ಎದುರು ಗೋಡೆ ಮೇಲೆ ಗೋಪುರ ಮೂಡುತ್ತದೆ, ಕ್ಯಾಮೆರಾ ಕೆಲಸ ಮಾಡುವುದೂ ಹೀಗೇ. ಫ್ಲ್ಯಾಶ್ ಹಾಕಿದರೆ ಖಾಲಿ ಗೋಡೆಯಷ್ಟೇ ಬರುತ್ತದೆ. ಫ್ಲ್ಯಾಶ್ ಆಫ್ ಮಾಡಿ, ಕ್ಯಾಮೆರಾ ಕಂಬಕ್ಕೆ ಒತ್ತಿ ಹಿಡಿದು, 2 ಸೆಕೆಂಡ್ ಟೈಮರ್ ಇಟ್ಟು ತೆಗೆಯಿರಿ. ಕೈ ಅಲುಗುವುದಿಲ್ಲ. ಹಿಂದೆ ಜನ ಸಾಲು ನಿಂತಿರುತ್ತಾರೆ, ಸೆಟ್ಟಿಂಗ್ ಎಲ್ಲಾ ಹೊರಗೇ ಮಾಡಿಕೊಂಡು ಒಳಗೆ ಹೋಗಿ.