ಮನೆಯ ಮುಂದಿನ ರಸ್ತೆಯಲ್ಲಿ ಕಾರು ನಿಲ್ಲಿಸುವ ಹಕ್ಕು ಯಾರದು?

ಪ್ರಶ್ನೆ: ಎಂ.ಸಿ.ಸಿ. ‘ಬಿ’ ಬ್ಲಾಕ್ ನಿವಾಸಿ, ದಾವಣಗೆರೆ

ನಮ್ಮದು 30 ಅಡಿ ಅಗಲದ ಅಡ್ಡರಸ್ತೆ. ನಾವು ಇಲ್ಲಿ ಮನೆ ಕಟ್ಟಿಸಿದಾಗ ಇಡೀ ಬೀದಿಗೆ ಮೂರು ಕಾರುಗಳಿದ್ದವು. ಈಗ ಕೆಲವು ಮನೆಗಳಲ್ಲಿ ಎರಡೆರಡಿವೆ. ನಮ್ಮ ಗೇಟಿನ ಪಕ್ಕದಲ್ಲಿ ದೊಡ್ಡ ಹೊಂಗೆ ಮರವಿರುವುದರಿಂದ, ಮಾರ್ಚ್ ಬಂತೆಂದರೆ ಅದರ ನೆರಳಿಗಾಗಿ ಹಿಂದಿನ ಬೀದಿಯವರೂ ಗಾಡಿ ತಂದು ನಿಲ್ಲಿಸುತ್ತಾರೆ. ಸಂಜೆಯವರೆಗೆ ನಿಂತ ಕಾರಿನ ಮೇಲೆ ಹೊಂಗೆ ಹೂವು ಒಂದು ಪದರವಾಗಿ ಬಿದ್ದಿರುತ್ತದೆ, ಅದು ಬೆಳಗಿನಿಂದ ಕದಲಿಲ್ಲವೆಂದು ಅದರಿಂದಲೇ ತಿಳಿಯುತ್ತದೆ.

ಇಷ್ಟು ದಿನ ಸಹಿಸಿಕೊಂಡಿದ್ದೆವು. ಆದರೆ ಕಳೆದ ತಿಂಗಳು ರಾತ್ರಿ ಹನ್ನೊಂದರ ಸುಮಾರಿಗೆ ನಮ್ಮ ತಾಯಿಯವರಿಗೆ ಉಸಿರಾಟದ ತೊಂದರೆಯಾಗಿ 108ಕ್ಕೆ ಕರೆ ಮಾಡಿದಾಗ, ಆಂಬುಲೆನ್ಸ್ ಬೇಗನೆ ಬಂದರೂ ಬೀದಿಯ ತುದಿಯಲ್ಲಿ ಎರಡೂ ಬದಿಗೆ ಕಾರುಗಳು ನಿಂತಿದ್ದರಿಂದ ಒಳಕ್ಕೆ ತಿರುಗಲಾಗಲಿಲ್ಲ. ತಾಯಿಯವರನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ನಾನು ಮತ್ತು ನನ್ನ ಮಗ ಆರು ಮನೆಗಳಷ್ಟು ದೂರ ಹೊತ್ತುಕೊಂಡು ಹೋದೆವು. ದೇವರ ದಯೆಯಿಂದ ಈಗ ಚೇತರಿಸಿಕೊಂಡಿದ್ದಾರೆ.

ಮರುವಾರ ನಾನು ಗೇಟಿನ ಎರಡೂ ಪಕ್ಕದಲ್ಲಿ ಚಪ್ಪಡಿ ಕಲ್ಲು ಇಟ್ಟು, ವಾಹನ ನಿಲ್ಲಿಸಬಾರದೆಂಬ ಫಲಕ ಹಾಕಿಸಿದೆ. ಇದರಿಂದ ಎದುರು ಮನೆಯವರು ಮಾತು ಬಿಟ್ಟಿದ್ದಾರೆ. ನಮ್ಮ ಮನೆಯ ಮುಂದಿನ ಜಾಗವನ್ನು ಕಾಯ್ದುಕೊಳ್ಳುವ ಹಕ್ಕು ನನಗಿದೆಯೇ? ನೆರೆಹೊರೆಯ ಸಂಬಂಧ ಕೆಡದಂತೆ ಇದನ್ನು ಬಗೆಹರಿಸಿಕೊಳ್ಳುವುದು ಹೇಗೆ?

ಉತ್ತರ 1: ನಿಜಲಿಂಗಪ್ಪ ಬಡಾವಣೆಯಿಂದ

ತಾಯಿಯವರು ಚೇತರಿಸಿಕೊಂಡರೆಂದು ಓದಿ ನೆಮ್ಮದಿಯಾಯಿತು. ನಿಮ್ಮ ಪ್ರಶ್ನೆಯಲ್ಲಿ ಎರಡು ಬೇರೆ ಬೇರೆ ಸಂಗತಿಗಳು ಬೆರೆತಿವೆ.

ಕಾಂಪೌಂಡಿನ ಆಚೆಗಿರುವುದು ಸಾರ್ವಜನಿಕ ರಸ್ತೆ. ಅದರ ಅಂಚು ಮನೆಯವರ ಸ್ವತ್ತಲ್ಲ. ಆದರೆ ಗೇಟಿನಿಂದ ಒಳಗೆ ಹೋಗಿ ಹೊರಗೆ ಬರುವ ದಾರಿಯನ್ನು ಯಾರೂ ಅಡ್ಡಗಟ್ಟುವಂತಿಲ್ಲ. ಕೇಂದ್ರ ಸರ್ಕಾರವು 2017ರಲ್ಲಿ ಹೊರಡಿಸಿದ ಮೋಟಾರು ವಾಹನ ಚಾಲನಾ ನಿಯಮಗಳು ಯಾವುದೇ ಸ್ವತ್ತಿನ ಪ್ರವೇಶದ್ವಾರದ ಮುಂದೆ, ಪಾದಚಾರಿ ಮಾರ್ಗದ ಮೇಲೆ ಮತ್ತು ರಸ್ತೆಗಳು ಕೂಡುವಲ್ಲಿ ವಾಹನ ನಿಲ್ಲಿಸುವುದನ್ನು ನಿಷೇಧಿಸಿವೆ. 1988ರ ಮೋಟಾರು ವಾಹನ ಕಾಯ್ದೆಯ 127ನೇ ಕಲಮಿನ ಪ್ರಕಾರ, ಸಾರ್ವಜನಿಕ ಸ್ಥಳದಲ್ಲಿ ಹತ್ತು ಗಂಟೆ ಅಥವಾ ಅದಕ್ಕಿಂತ ಹೆಚ್ಚು ಕಾಲ ವಾರಸುದಾರರಿಲ್ಲದೆ ನಿಂತ ವಾಹನವನ್ನು, ಅಥವಾ ನಿಷೇಧಿತ ಜಾಗದಲ್ಲಿ ನಿಲ್ಲಿಸಿದ ವಾಹನವನ್ನು, ಸಮವಸ್ತ್ರದಲ್ಲಿರುವ ಪೊಲೀಸ್ ಅಧಿಕಾರಿ ಎಳೆದೊಯ್ಯಿಸಬಹುದು. ಹಾಗೆಂದು ಕಾನೂನು ನಿಮ್ಮ ಗೇಟಿನ ಅಗಲವನ್ನು ಕಾಯುತ್ತದೆಯೇ ಹೊರತು, ಹೊಂಗೆ ಮರದ ನೆರಳನ್ನು ಕಾಯುವುದಿಲ್ಲ. ನೀವು ಹಾಕಿಸಿದ ಫಲಕವೂ ಒಂದು ವಿನಂತಿಯಷ್ಟೇ. ಬೀದಿಯಲ್ಲಿ ವಾಹನ ನಿಲುಗಡೆ ನಿಷೇಧಿಸಬೇಕಾದರೆ ಅದಕ್ಕೆ ಅಧಿಸೂಚನೆ ಬೇಕು.

ಇನ್ನೊಂದು ಮಾತನ್ನು ನೋಯಿಸಲೆಂದಲ್ಲ, ಕಾಳಜಿಯಿಂದ ಹೇಳುತ್ತಿದ್ದೇನೆ. ಆ ರಾತ್ರಿ ನಿಮ್ಮನ್ನು ಸಂಕಟಕ್ಕೆ ತಳ್ಳಿದ್ದು ಗೇಟಿನ ಮುಂದೆ ನಿಂತ ಕಾರಲ್ಲ, ಬೀದಿಯ ತುದಿಯಲ್ಲಿ ನಿಂತ ಕಾರುಗಳು. ಕಲ್ಲು ಇಟ್ಟದ್ದು ಗೇಟಿನ ಬಳಿ. ನಾಳೆ ಮತ್ತೆ ಆಂಬುಲೆನ್ಸ್ ಬಂದರೆ ಅದು ಮತ್ತೆ ಅದೇ ತಿರುವಿನಲ್ಲಿಯೇ ನಿಲ್ಲುತ್ತದೆ.

ಉತ್ತರ 2: ವಿದ್ಯಾನಗರದಿಂದ

ದಯವಿಟ್ಟು ಆ ಕಲ್ಲುಗಳನ್ನು ಇಂದೇ ತೆಗೆಸಿರಿ. ನಮ್ಮ ಬೀದಿಯಲ್ಲಿ ಕರೆಂಟು ಹೋದ ರಾತ್ರಿಯೊಂದು, ಟ್ಯೂಷನ್ ಮುಗಿಸಿಕೊಂಡು ಸ್ಕೂಟಿಯಲ್ಲಿ ಬರುತ್ತಿದ್ದ ಹುಡುಗಿಯೊಬ್ಬಳು ಇಂಥದೇ ಕಲ್ಲಿಗೆ ಡಿಕ್ಕಿ ಹೊಡೆದು ಮುಂಗೈ ಮುರಿದುಕೊಂಡಳು. ಕಲ್ಲು ಇಟ್ಟವರೂ ಒಳ್ಳೆಯವರೇ; ಅವರು ಆಸ್ಪತ್ರೆಯಲ್ಲಿ ಅತ್ತದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ರಸ್ತೆಯ ಮೇಲಿನ ಇಂಥ ಅಡೆತಡೆಗಳನ್ನು ತೆಗೆದುಹಾಕುವ ಅಧಿಕಾರ ಮಹಾನಗರ ಪಾಲಿಕೆಗೆ ಇದೆ.

ಉತ್ತರ 3: ಬಾಡಿಗೆ ಕೊಠಡಿಗಳ ಮಾಲೀಕ

ಎದುರು ಮನೆಯವರ ಕಡೆಯಿಂದಲೂ ಒಂದು ಮಾತು ಇರಲಿ. ವೈದ್ಯಕೀಯ ಮತ್ತು ಎಂಜಿನಿಯರಿಂಗ್ ಕಾಲೇಜುಗಳಿರುವ ಈ ಊರಿನಲ್ಲಿ ಮೇಲಂತಸ್ತನ್ನು ವಿದ್ಯಾರ್ಥಿಗಳಿಗೆ ಬಾಡಿಗೆಗೆ ಕೊಟ್ಟು ಸಂಸಾರ ನಡೆಸುವವರು ಬಹಳಷ್ಟು ಮಂದಿ ಇದ್ದಾರೆ, ನಾನೂ ಅವರಲ್ಲೊಬ್ಬ. ನಕ್ಷೆಯಲ್ಲಿ ವಾಹನ ನಿಲುಗಡೆಗೆಂದು ತೋರಿಸಿದ ನೆಲಮಹಡಿಯ ಜಾಗದಲ್ಲಿ ನಾನು ಒಂದು ಅಂಗಡಿ ಮಾಡಿ ಬಾಡಿಗೆಗೆ ಕೊಟ್ಟಿದ್ದೆ. ಅದರ ಫಲವಾಗಿ ಎಂಟು ಬೈಕು ಮತ್ತು ನನ್ನ ಸ್ವಂತ ಕಾರು ಬೀದಿಗೆ ಬಿದ್ದವು. ಕಳೆದ ವರ್ಷ ಅಂಗಡಿಯವರು ಬಿಟ್ಟು ಹೋದಾಗ ಮತ್ತೆ ಬಾಡಿಗೆಗೆ ಕೊಡದೆ ಷಟರ್ ತೆಗೆಸಿ, ಗಾಡಿಗಳನ್ನೆಲ್ಲ ಒಳಕ್ಕೆ ತಂದೆ. ತಿಂಗಳ ಬಾಡಿಗೆ ಹೋಯಿತು, ಅದು ಸಣ್ಣ ನಷ್ಟವಲ್ಲ. ಆದರೆ ಬೀದಿಯ ಇಕ್ಕಟ್ಟಿನ ಬೇರು ಬಹುಪಾಲು ನಮ್ಮ ಕಾಂಪೌಂಡಿನ ಒಳಗೇ ಇದೆ ಎಂದು ನಾನು ಖಂಡಿತವಾಗಿ ಹೇಳಬಲ್ಲೆ. ಎದುರು ಮನೆಯವರ ನೆಲಮಹಡಿಯಲ್ಲಿ ಜಾಗ ಇದೆಯೇ ಎಂದು ಒಮ್ಮೆ ವಿಚಾರಿಸಿರಿ. ಕಲ್ಲಿನ ಮೂಲಕ ಮಾತನಾಡುವ ಬದಲು ಅವರ ಮನೆಗೆ ಹೋಗಿ ಕುಳಿತು ಕೇಳಿರಿ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಧನ್ಯವಾದಗಳು. ಉತ್ತರ 1 ಓದಿದ ಮೇಲೆ ಬೆಳಿಗ್ಗೆ ಟೇಪು ಹಿಡಿದು ಅಳೆದು ನೋಡಿದೆ. 30 ಅಡಿಯಲ್ಲಿ ಎರಡೂ ಬದಿಯ ಚರಂಡಿ ಮತ್ತು ನಾವೆಲ್ಲ ಹಾಕಿಸಿಕೊಂಡಿರುವ ಇಳಿಜಾರುಗಳು ಏಳು ಅಡಿ ತಿಂದಿವೆ. ಉಳಿದ 23 ಅಡಿಯಲ್ಲಿ ಎರಡು ಕಡೆಯೂ ಕಾರು ನಿಂತರೆ ಮಧ್ಯದಲ್ಲಿ ಒಂಬತ್ತು ಅಡಿ ಸಿಗುತ್ತದೆ. ನೇರವಾಗಿ ಹೋಗುವ ಗಾಡಿಗೆ ಅಷ್ಟು ಸಾಕಾದರೂ, ಮುಖ್ಯರಸ್ತೆಯಿಂದ ತಿರುಗುವ ಆಂಬುಲೆನ್ಸಿಗಾಗಲಿ, ಬೇಸಿಗೆಯ ನೀರಿನ ಟ್ಯಾಂಕರಿಗಾಗಲಿ ಸಾಲದು. ಒಂದೇ ಬದಿಗೆ ನಿಲ್ಲಿಸಿದರೆ ಹದಿನಾರು ಅಡಿ ಉಳಿಯುತ್ತದೆ. ನನ್ನ ಕಾರನ್ನೇ ತೆಗೆದು ಪರೀಕ್ಷಿಸಿದೆ: ಎದುರುಬದಿ ಖಾಲಿಯಿದ್ದಾಗ ಒಂದೇ ತಿರುವಿಗೆ ಹೊರಬಂತು, ಅಲ್ಲಿ ಕಾರು ನಿಂತಿದ್ದಾಗ ನಾಲ್ಕು ಸಲ ಹಿಂದೆ ಮುಂದೆ ಮಾಡಬೇಕಾಯಿತು.

ಉತ್ತರ 4: ಸರಸ್ವತಿ ನಗರದಿಂದ

ಈ ಅಳತೆಯನ್ನೇ ಒಂದು ಹಾಳೆಯಲ್ಲಿ ಬರೆದು ಬೀದಿಯವರಿಗೆ ತೋರಿಸಿರಿ, ವಾದಕ್ಕಿಂತ ಅದು ಚೆನ್ನಾಗಿ ಮಾತನಾಡುತ್ತದೆ. ನಮ್ಮಲ್ಲಿ ತಿಂಗಳಿಗೊಂದು ಬದಿ ಎಂದು ಒಪ್ಪಿಕೊಂಡಿದ್ದೇವೆ. ಹೀಗಾಗಿ ನೆರಳೂ ಬಿಸಿಲೂ ಎಲ್ಲರಿಗೂ ಸರದಿಯಂತೆ ಬರುತ್ತದೆ. ತಿರುವಿನಿಂದ ಮೊದಲ ಎರಡು ಮನೆಗಳವರೆಗೆ ಯಾವ ಬದಿಗೂ ಯಾರೂ ನಿಲ್ಲಿಸುವಂತಿಲ್ಲ. ದುರ್ಗಾಂಬಿಕಾ ಜಾತ್ರೆಯ ದಿನಗಳಲ್ಲಿ ಮಾತ್ರ ಈ ನಿಯಮ ನಡೆಯುವುದಿಲ್ಲ. ಎರಡು ವರ್ಷಕ್ಕೊಮ್ಮೆ ಬರುವ ಹಬ್ಬ, ಮನೆಮನೆಗೂ ನೆಂಟರು ತುಂಬಿರುತ್ತಾರೆ. ಆಗಲೂ ತಿರುವನ್ನು ಖಾಲಿ ಬಿಡಿಸಲು ಇಬ್ಬರು ಹುಡುಗರನ್ನು ನಿಲ್ಲಿಸುತ್ತೇವೆ. ಬೀದಿಯವರ ಒಪ್ಪಿಗೆಗೆ ಕಾನೂನಿನ ಬಲವೂ ಬೇಕೆನಿಸಿದರೆ, ಎಲ್ಲರೂ ಸಹಿ ಮಾಡಿ ಸಂಚಾರ ಪೊಲೀಸ್ ಠಾಣೆಗೂ ಪಾಲಿಕೆಗೂ ಒಂದೇ ಮನವಿಯನ್ನು ಕೊಡಿರಿ, ಅದರಲ್ಲಿ ತಿರುವಿನ ವಿಷಯವನ್ನೇ ಮೊದಲು ಬರೆಯಿರಿ.

ಪ್ರಶ್ನೆ ಕೇಳಿದವರಿಂದ

ಕಲ್ಲುಗಳನ್ನು ತೆಗೆಸಿದ್ದೇನೆ. ನಿನ್ನೆ ಸಂಜೆ ಅಳತೆಯ ಹಾಳೆಯೊಂದಿಗೆ ಎದುರು ಮನೆಗೆ ಹೋಗಿದ್ದೆ. ಆ ರಾತ್ರಿ ತಾಯಿಯವರನ್ನು ಕುರ್ಚಿಯಲ್ಲಿ ಹೊತ್ತೊಯ್ದದ್ದು ಅವರಿಗೆ ತಿಳಿದೇ ಇರಲಿಲ್ಲ. ಕೇಳಿ ಬಹಳ ನೊಂದುಕೊಂಡರು. ತಿರುವಿನಲ್ಲಿ ನಿಂತಿದ್ದ ಎರಡು ಕಾರುಗಳಲ್ಲಿ ಒಂದು ಅವರ ಬಾಡಿಗೆದಾರರದಂತೆ. ಭಾನುವಾರ ಬೆಳಿಗ್ಗೆ ಹತ್ತಕ್ಕೆ ಹೊಂಗೆ ಮರದ ಕೆಳಗೆ ಬೀದಿಯವರೆಲ್ಲ ಸೇರುವುದೆಂದು ಇಬ್ಬರೂ ಕೂಡಿ ಮನೆಮನೆಗೆ ಹೇಳಿ ಬಂದಿದ್ದೇವೆ.